ಮೂರು ಗೊತ್ತು, ಒಂದು ಗೊತ್ತಿಲ್ಲ

ಕಲಬುರಗಿಯ ಗಂಜ್‌ನಲ್ಲಿ ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ ಯಾರಿಗೂ ಬೀಜಗಣಿತದ ಎಕ್ಸ್ ಬೇಕಾಗಿಲ್ಲ. ಮೂರು ಕ್ವಿಂಟಲ್ ನಲವತ್ತು ಕಿಲೋ ತೊಗರಿಗೆ ಎಷ್ಟಾಯಿತು ಅಂತ ಕೇಳಿ ನೋಡಿ, ಚೀಲ ಕಾಟಾದಿಂದ ಇಳಿಯುವ ಮೊದಲೇ ಉತ್ತರ ಬಂದಿರುತ್ತದೆ. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550 ರೂಪಾಯಿ ಇತ್ತು, ಅದನ್ನೇ ಹಿಡಿಯೋಣ. ಮೂರು ಕ್ವಿಂಟಲಿಗೆ 22,650. ಹತ್ತು ಕಿಲೋಗೆ 755, ಹಾಗಾಗಿ ನಲವತ್ತಕ್ಕೆ 3,020. ಕೂಡಿದರೆ 25,670. ಪೆನ್ನು ಬೇಡ, ಕಾಗದ ಬೇಡ. ಅಡತಿ ಅಂಗಡಿಯವರಷ್ಟೇ ಅಲ್ಲ, ಹೊಲದಿಂದ ಮಾಲು ತಂದ ರೈತನೂ ಮನಸ್ಸಿನಲ್ಲೇ ಈ ಲೆಕ್ಕ ಮುಗಿಸಿಕೊಂಡು ಕೂತಿರುತ್ತಾನೆ.

ಅಂಥ ಮನೆಗಳ ಮಕ್ಕಳೇ ಸಂಜೆ ನನ್ನ ಹತ್ತಿರ ಪಾಠಕ್ಕೆ ಬರುತ್ತಾರೆ. ಆರನೇ ಕ್ಲಾಸಿನಿಂದ ಎಂಟನೇ ಕ್ಲಾಸಿನವರೆಗೆ, ಹೆಚ್ಚಿನವರು ನಮ್ಮ ಓಣಿಯವರೇ. ಆರನೇ ಕ್ಲಾಸಿನಲ್ಲಿ ಅನುಪಾತ, ಸಮಾನುಪಾತ ಶುರುವಾಗುತ್ತದೆ, ಎಂಟನೆಯದಕ್ಕೆ ಬರುವ ಹೊತ್ತಿಗೆ ನೇರ ಅನುಪಾತ, ವಿಲೋಮ ಅನುಪಾತ ಅಂತ ಬೇರೆ ಬೇರೆ ಆಗುತ್ತದೆ. ಎರಡು ಭಿನ್ನರಾಶಿ, ನಡುವೆ ಸಮ ಚಿಹ್ನೆ, ನಾಲ್ಕು ಜಾಗದಲ್ಲಿ ಮೂರು ಸಂಖ್ಯೆ ಮತ್ತು ಒಂದು ಅಕ್ಷರ. ಇದನ್ನು ನೋಡಿದ ಕೂಡಲೇ ಮಕ್ಕಳ ಕೈ ತಾನಾಗಿಯೇ ಒಂದು ದೊಡ್ಡ ಗುಣಾಕಾರದ ಗುರುತು ಎಳೆಯುತ್ತದೆ. ಓರೆ ಗುಣಾಕಾರ. ಮೇಲಿನ ಎಡ, ಕೆಳಗಿನ ಬಲ. ಮೇಲಿನ ಬಲ, ಕೆಳಗಿನ ಎಡ. ಆಮೇಲೆ ಭಾಗಿಸು. ಉತ್ತರ ಬಂತು, ಪೆಟ್ಟಿಗೆ ಹಾಕು, ಮುಂದಿನ ಲೆಕ್ಕ.

ಉತ್ತರ ಸರಿಯಾಗಿಯೇ ಬರುತ್ತದೆ, ಅದರಲ್ಲಿ ತಕರಾರಿಲ್ಲ. ನನಗೆ ಕಾಡುವುದು ಬೇರೆ. ಪುಸ್ತಕ ಮುಚ್ಚಿ ಬಾಯಲ್ಲಿ ಒಂದು ಲೆಕ್ಕ ಹೇಳಿದರೆ ಅದೇ ಮಗು ಕೇಳುತ್ತದೆ: "ಟೀಚರ್, ಇದಕ್ಕ ಗುಣಿಸಬೇಕೋ ಭಾಗಿಸಬೇಕೋ, ಅಷ್ಟ ಹೇಳ್ರಿ." ಆ ಪ್ರಶ್ನೆ ಬಂತು ಅಂದರೆ ಸಮಾನುಪಾತ ಇನ್ನೂ ಒಳಗೆ ಇಳಿದಿಲ್ಲ ಅಂತಲೇ ಅರ್ಥ. ಗುರುತು ಎಳೆಯುವುದು ಈ ಲೆಕ್ಕದ ಕೊನೆಯ ಕೆಲಸ, ತೀರಾ ಸಣ್ಣ ಕೆಲಸ. ದೊಡ್ಡ ಕೆಲಸ ಅದಕ್ಕಿಂತ ಮೊದಲೇ ಇದೆ: ಯಾವುದರ ಜೊತೆ ಯಾವುದು ಹೋಗುತ್ತದೆ, ಮತ್ತು ಇವೆರಡೂ ಬದಲಾಗುವಾಗ ಬದಲಾಗದೆ ಉಳಿಯುವುದು ಯಾವುದು ಅಂತ ನೋಡಿಕೊಳ್ಳುವುದು. ಅದನ್ನು ನೋಡಿಕೊಂಡರೆ ಸಾಕು, ಗುಣಿಸಬೇಕೋ ಭಾಗಿಸಬೇಕೋ ಅನ್ನೋದು ಲೆಕ್ಕವೇ ಹೇಳುತ್ತದೆ.

ನಮ್ಮ ಕಡೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಒಂದು ದಾಲ್ ಮಿಲ್ಲಿನಲ್ಲಿ 100 ಕಿಲೋ ತೊಗರಿ ಹಾಕಿದರೆ 72 ಕಿಲೋ ಬೇಳೆ ಸಿಗುತ್ತದೆ ಅಂತಿಟ್ಟುಕೊಳ್ಳಿ. ಉಳಿದದ್ದು ಹೊಟ್ಟು, ನುಚ್ಚು. ಒಂದು ಮನೆಗೆ ವರ್ಷಕ್ಕೆ 45 ಕಿಲೋ ಬೇಳೆ ಬೇಕು. ಎಷ್ಟು ತೊಗರಿ ಹಾಕಿಸಬೇಕು?

ಶಾಲೆಯ ಎಕ್ಸ್ ಬದಲು ನಾನಿಲ್ಲಿ "ಯಾ" ಅಂತ ಬರೆಯುತ್ತೇನೆ. ಭಾಸ್ಕರಾಚಾರ್ಯರ ಬೀಜಗಣಿತದಲ್ಲೂ ಗೊತ್ತಿಲ್ಲದ ಸಂಖ್ಯೆಗೆ ಅದೇ ಗುರುತು. ತೊಗರಿಯ ಕೆಳಗೆ ಬೇಳೆ ಬರೆದರೆ ಹೀಗಾಗುತ್ತದೆ:

100/72 = ಯಾ/45

ಈಗ ಇಲ್ಲಿ ಓರೆ ಗುಣಾಕಾರದ ಅಗತ್ಯವಾದರೂ ಏನು? ಯಾ ಅನ್ನುವುದನ್ನು 45 ಭಾಗಿಸುತ್ತಿದೆ. ಎರಡೂ ಕಡೆ 45ರಿಂದ ಗುಣಿಸಿದರೆ ಯಾ ಒಂದೇ ಉಳಿಯುತ್ತದೆ. ಯಾ = 100 × 45 ÷ 72. ಉತ್ತರ 62.5 ಕಿಲೋ. ಒಂದೇ ಹೆಜ್ಜೆ. ಓರೆ ಗುಣಾಕಾರ ಅಂತ ನಾವು ಕರೆಯುವುದು ಇದರದ್ದೇ ಅವಸರದ ರೂಪ: ಎರಡೂ ಕಡೆ 72ರಿಂದಲೂ ಗುಣಿಸು, 45ರಿಂದಲೂ ಗುಣಿಸು, ಆಗ ಎರಡೂ ಛೇದಗಳು ಒಟ್ಟಿಗೆ ಹೋಗುತ್ತವೆ, 100 × 45 = 72 × ಯಾ ಅಂತ ಉಳಿಯುತ್ತದೆ. ಅದರಲ್ಲಿ ಮಾಯವೂ ಇಲ್ಲ ಮಂತ್ರವೂ ಇಲ್ಲ. ಸಮ ಚಿಹ್ನೆಯ ಎರಡೂ ಬದಿಗೆ ಒಂದೇ ಕೆಲಸ ಮಾಡಿದರೆ ಸಮಾನತೆ ಕೆಡುವುದಿಲ್ಲ ಅನ್ನುವ ಒಂದೇ ಮಾತು.

ಈ ಮಾತು ಹೇಳದೆ ಬರೀ ಗುರುತು ಕಲಿಸಿದರೆ ಏನಾಗುತ್ತದೆ ಗೊತ್ತಾ? ಆ ಗುರುತು ಎಲ್ಲ ಕಡೆ ನುಗ್ಗುತ್ತದೆ. ಎರಡು ಭಿನ್ನರಾಶಿಗಳ ನಡುವೆ ಕೂಡಿಸುವ ಚಿಹ್ನೆ ಇದ್ದರೂ ಮಕ್ಕಳು ಓರೆಯಾಗಿ ಗುಣಿಸುತ್ತಾರೆ. 2/3 × 4/5 ಅಂತ ಇದ್ದರೂ ಓರೆಯಾಗಿ ಗುಣಿಸಿ 10/12 ಅಂತ ಬರೆದುಬಿಡುತ್ತಾರೆ, ಸರಿ ಉತ್ತರ 8/15. ಅವರ ಕಣ್ಣಿಗೆ ಎರಡು ಭಿನ್ನರಾಶಿ ಅಕ್ಕಪಕ್ಕ ಕಂಡರೆ ಸಾಕು. ನಡುವೆ ಸಮ ಚಿಹ್ನೆ ಇದೆಯೋ ಇಲ್ಲವೋ ನೋಡುವ ಅಭ್ಯಾಸವೇ ಬೆಳೆದಿಲ್ಲ, ಯಾಕಂದರೆ ಆ ಗುರುತು ಹುಟ್ಟಿದ್ದು ಸಮ ಚಿಹ್ನೆಯಿಂದ ಅಂತ ಅವರಿಗೆ ಯಾರೂ ಹೇಳಿಲ್ಲ.

ಬೇಳೆ ಲೆಕ್ಕಕ್ಕೆ ವಾಪಸ್ ಬರೋಣ. ಅದನ್ನು ತೊಗರಿ/ಬೇಳೆ ಅಂತಲೇ ಬರೆಯಬೇಕು ಅಂತೇನಿಲ್ಲ. 72/100 = 45/ಯಾ ಅಂತಲೂ ಬರೆಯಬಹುದು. 100/ಯಾ = 72/45 ಅಂತಲೂ ಬರೆಯಬಹುದು, ಅಂದರೆ ತೊಗರಿಗೆ ತೊಗರಿ, ಬೇಳೆಗೆ ಬೇಳೆ. ಯಾ/100 = 45/72 ಅಂತಲೂ ಆಗುತ್ತದೆ. ನಾಲ್ಕೂ ಕಡೆ ಕೊನೆಗೆ ಸಿಗುವುದು 100 × 45 = 72 × ಯಾ ಅನ್ನುವ ಒಂದೇ ಸಾಲು. ಆದರೂ ಕೆಲವು ಕಡೆ ಪುಸ್ತಕದಲ್ಲಿ ಇದ್ದ ಹಾಗೆ ಬರೆಯಲಿಲ್ಲ ಅಂತ ಮಕ್ಕಳಿಗೆ ಅಂಕ ಕಡಿಮೆ ಕೊಡುವುದನ್ನು ನೋಡಿದ್ದೇನೆ. ನೋಡಿದಾಗಲೆಲ್ಲ ಸಂಕಟ ಆಗುತ್ತದೆ. ಯಾ ಮೇಲ್ಗಡೆ ಇರುವಂತೆ ಬರೆದುಕೊಂಡರೆ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತದೆ ಅಂತ ಸ್ವಂತ ಬುದ್ಧಿಯಿಂದ ಕಂಡುಕೊಂಡ ಮಗುವಿಗೆ ಸಿಗಬೇಕಾದದ್ದು ಶಹಬ್ಬಾಸ್, ಕೆಂಪು ಗೆರೆ ಅಲ್ಲ.

ತಪ್ಪುವುದು ಎಲ್ಲಿ ಅಂದರೆ, ಒಂದು ಕಡೆ ತೊಗರಿ ಮೇಲೆ, ಇನ್ನೊಂದು ಕಡೆ ಬೇಳೆ ಮೇಲೆ ಬರೆದಾಗ. 100/72 = 45/ಯಾ. ಆಗ ಯಾ = 32.4 ಬರುತ್ತದೆ. ನಾನು ತಪ್ಪು ಅಂತ ಹೇಳುವುದಿಲ್ಲ. ಉತ್ತರವನ್ನು ಜೋರಾಗಿ ಓದಲು ಹೇಳುತ್ತೇನೆ: "45 ಕಿಲೋ ಬೇಳೆಗೆ 32.4 ಕಿಲೋ ತೊಗರಿ ಬೇಕು." ಒಂದು ಕ್ಷಣ ಸುಮ್ಮನಿರುತ್ತಾರೆ. ಆಮೇಲೆ ಯಾರಾದರೂ ಒಬ್ಬರು, "ಹಂಗಂದ್ರ ಬ್ಯಾಳಿಗಿಂತ ತೊಗರಿನೇ ಕಮ್ಮಿ ಆಯ್ತಲ್ರಿ!" ಅನ್ನುತ್ತಾರೆ. ಆ ಒಂದು ಮಾತಿಗಾಗಿ ನಾನು ಎಷ್ಟು ಹೊತ್ತು ಬೇಕಾದರೂ ಕಾಯಲು ತಯಾರು. ಮಗು ತನ್ನ ಅನುಭವವನ್ನು ತಂದು ಲೆಕ್ಕದ ಪಕ್ಕದಲ್ಲಿ ಇಟ್ಟಿತು ಅಲ್ವಾ? ಇನ್ನು ಮೇಲೆ ಅದು ಉತ್ತರವನ್ನು ಹಾಗೇ ನಂಬುವುದಿಲ್ಲ.

ಗಂಜ್‌ನವರು ಮಾಡುವ ರೀತಿ ಮತ್ತೊಂದು. ಅವರು ಕೇಳುವುದು, 72 ಅನ್ನುವುದು 45 ಆಗಲು ಏನಾಗಬೇಕು? 72ರ ಎಂಟನೇ ಒಂದು ಭಾಗ 9. ಅಂಥವು ಐದು ಸೇರಿದರೆ 45. ಹಾಗಾದರೆ 100ಕ್ಕೂ ಅದೇ ಮಾಡು: ಎಂಟನೇ ಒಂದು ಭಾಗ 12.5, ಅಂಥವು ಐದು ಅಂದರೆ 62.5. ಮುಗಿಯಿತು. ಇದನ್ನು ಮಕ್ಕಳಿಗೆ ತೋರಿಸಿದರೆ ಅವರಿಗೆ ಆಶ್ಚರ್ಯ. "ಇದು ನಮ್ಮಪ್ಪ ಮಾಡ್ತಾರಲ್ರಿ" ಅನ್ನುತ್ತಾರೆ. ಹೌದು, ಅಪ್ಪ ಮಾಡುವುದೇ ಬೀಜಗಣಿತ. ಶಾಲೆಯ ವಿಧಾನದಲ್ಲಿ ಒಂದು ಕಿಲೋ ಬೇಳೆಗೆ ಎಷ್ಟು ತೊಗರಿ ಅನ್ನುವ ಸಂಖ್ಯೆ ಬದಲಾಗದೆ ನಿಲ್ಲುತ್ತದೆ, ಸುಮಾರು 1.39. ಅಪ್ಪನ ವಿಧಾನದಲ್ಲಿ ಎಷ್ಟು ಪಟ್ಟು ಅನ್ನುವುದು ನಿಲ್ಲುತ್ತದೆ, ಎಂಟರಲ್ಲಿ ಐದು ಪಾಲು. ಬೇಳೆಗೂ ಅದೇ ಪಟ್ಟು, ತೊಗರಿಗೂ ಅದೇ ಪಟ್ಟು. ಎರಡರಲ್ಲಿ ಯಾವುದು ಸುಲಭ ಅನ್ನೋದು ಸಂಖ್ಯೆಗಳ ಮೇಲೆ ಹೋಗುತ್ತದೆ. ಕೆಲವು ಸಲ ಅಡ್ಡಡ್ಡ ನೋಡಿದರೆ ಥಟ್ಟನೆ ಹೊಳೆಯುತ್ತದೆ, ಕೆಲವು ಸಲ ಮೇಲೆ ಕೆಳಗೆ ನೋಡಿದರೆ. ಎರಡೂ ಕಡೆ ನೋಡುವ ಅಭ್ಯಾಸ ಇದ್ದವರಿಗೆ ಅರ್ಧ ಲೆಕ್ಕಗಳಿಗೆ ಓರೆ ಗುಣಾಕಾರವೇ ಬೇಕಾಗುವುದಿಲ್ಲ.

ಅಕ್ಷರದ ಜೊತೆ ಮತ್ತೇನಾದರೂ ಅಂಟಿಕೊಂಡಾಗಲೂ ಇದೇ ಕಣ್ಣು ಸಹಾಯ ಮಾಡುತ್ತದೆ. (ಯಾ + 3)/8 = 15/20 ಅಂತ ಇದೆ ಅನ್ನಿ. ಓರೆಯಾಗಿ ಗುಣಿಸುವವರು ಅವಸರದಲ್ಲಿ 20ಯಾ + 3 = 120 ಅಂತ ಬರೆದು 5.85 ಅನ್ನುತ್ತಾರೆ. 20 ಇಡೀ ಆವರಣಕ್ಕೆ ಸೇರಬೇಕಿತ್ತು, ಯಾ ಒಂದಕ್ಕೇ ಸೇರಿತು. ಸ್ವಲ್ಪ ತಡೆದು ನೋಡಿದರೆ 15/20 ಅಂದರೆ 3/4, 3/4 ಅಂದರೆ 6/8. ಎಡಗಡೆಯೂ ಎಂಟರ ಮೇಲೆ ಕೂತಿದೆ. ಹಾಗಾದರೆ ಯಾ + 3 ಅನ್ನುವುದೇ 6. ಯಾ ಅಂದರೆ 3.

ಈ ಮೂರು ಕೊಟ್ಟು ನಾಲ್ಕನೆಯದು ಕೇಳುವ ಲೆಕ್ಕ ನಮ್ಮಲ್ಲಿ ಬಹಳ ಹಳೆಯದು. ತ್ರೈರಾಶಿಕ ಅಂತ ಹೆಸರು. 499ರಲ್ಲಿ ಆರ್ಯಭಟ ಒಂದೇ ಶ್ಲೋಕದಲ್ಲಿ ಅದನ್ನು ಹೇಳಿ ಮುಗಿಸಿದ್ದಾನೆ: ಫಲವನ್ನು ಇಚ್ಛೆಯಿಂದ ಗುಣಿಸು, ಪ್ರಮಾಣದಿಂದ ಭಾಗಿಸು. ನಮ್ಮ ಲೆಕ್ಕದಲ್ಲಿ 72 ಕಿಲೋ ಬೇಳೆ ಪ್ರಮಾಣ, 100 ಕಿಲೋ ತೊಗರಿ ಫಲ, 45 ಕಿಲೋ ಬೇಳೆ ಇಚ್ಛೆ. ಮುಂದೆ ಬಂದವರು ಇನ್ನೊಂದು ಸೂಚನೆ ಕೊಟ್ಟರು, ನನಗೆ ಅದು ತುಂಬಾ ಇಷ್ಟ. ಪ್ರಮಾಣ ಮತ್ತು ಇಚ್ಛೆ ಒಂದೇ ಜಾತಿಯವು, ಅವನ್ನು ಮೊದಲಿಗೆ ಮತ್ತು ಕೊನೆಗೆ ಬರೆ. ಫಲ ಬೇರೆ ಜಾತಿಯದು, ಅದನ್ನು ನಡುವೆ ಬರೆ. 72, 100, 45. ಸುಮ್ನೆ ಸಾಲಾಗಿ ಬರೆದರೂ ಬೇಳೆಯ ಜಾಗದಲ್ಲಿ ತೊಗರಿ ಬರದಂತೆ ಅಲ್ಲೇ ಬೇಲಿ ಹಾಕಿದ್ದಾರೆ. ಈಗಿನ ಮಕ್ಕಳಿಗೆ ನಾನು ಸಂಖ್ಯೆಯ ಪಕ್ಕ ಕಿಲೋ ಬೇಳೆ, ಕಿಲೋ ತೊಗರಿ ಅಂತ ಪೂರ್ತಿ ಬರೆಯಲು ಹೇಳುವುದೂ ಅದೇ ಕಾರಣಕ್ಕೆ. ಬರೆಯಲು ಬೇಸರ ಪಡುತ್ತಾರೆ. ಆದರೂ ಬರೆಸುತ್ತೇನೆ.

ನಮ್ಮ ಜಿಲ್ಲೆಯವರು ತ್ರೈರಾಶಿಕದ ಮಾತು ಬಂದಾಗ ಮಳಖೇಡವನ್ನು ನೆನೆಯಲೇಬೇಕು. ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿರುವ ಊರು. ಕಲಬುರಗಿಯಿಂದ ನಲವತ್ತು ಕಿಲೋಮೀಟರ್ ಆಸುಪಾಸು. ಅದೇ ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ಮಹಾವೀರಾಚಾರ್ಯ ಸುಮಾರು 850ರ ಹೊತ್ತಿಗೆ ಗಣಿತಸಾರಸಂಗ್ರಹ ಬರೆದಾಗ ಶುರುವಿನಲ್ಲೇ ಈ ನೃಪತುಂಗನನ್ನು ಹೊಗಳುತ್ತಾನೆ. ಆ ಪುಸ್ತಕದಲ್ಲಿ ತ್ರೈರಾಶಿಕಕ್ಕೆ ಒಂದು ಇಡೀ ಅಧ್ಯಾಯ ಇದೆ. ಕೊನೆಯ ಅಧ್ಯಾಯ ನೆರಳಿನ ಲೆಕ್ಕದ್ದು. ಆಮೇಲೆ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ, ಅದರಲ್ಲೂ ತ್ರೈರಾಶಿಕ ಬರುತ್ತದೆ, ವ್ಯಸ್ತ ತ್ರೈರಾಶಿಕ ಅಂದರೆ ತಿರುಗುಮುರುಗಿನದ್ದೂ ಬರುತ್ತದೆ. ಮಳಖೇಡದ ಕೋಟೆ ನೋಡಲು ಮಕ್ಕಳನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಈ ಸಂಗತಿಯನ್ನೂ ಹೇಳಿ. ಕವಿರಾಜಮಾರ್ಗದ ಹೆಸರು ಎಲ್ಲರೂ ಹೇಳುತ್ತಾರೆ, ಗಣಿತದ ಹೆಸರು ಹೇಳುವವರು ಕಡಿಮೆ.

ಆ ತಿರುಗುಮುರುಗು ಲೆಕ್ಕದ ವಿಷಯಕ್ಕೆ ಬಂದರೆ, ಇಲ್ಲೇ ಮಕ್ಕಳು ಜಾಸ್ತಿ ಎಡವುವುದು. 6 ಜನ ಒಂದು ಹೊಲದ ಕಳೆಯನ್ನು 4 ದಿನದಲ್ಲಿ ತೆಗೆಯುತ್ತಾರೆ, 8 ಜನ ಬಂದರೆ? ಗುರುತು ಎಳೆಯುವ ಕೈ 6/4 = 8/ಯಾ ಅಂತ ಬರೆದು ಐದು ದಿನ, ಮೇಲೆ ಇನ್ನೊಂದಿಷ್ಟು ಹೊತ್ತು ಅನ್ನುತ್ತದೆ. ಜನ ಹೆಚ್ಚಾದರೆ ದಿನವೂ ಹೆಚ್ಚಾಯಿತು. ಇಲ್ಲಿ ಭಾಗಾಕಾರ ನಿಲ್ಲುವುದಿಲ್ಲ, ಗುಣಲಬ್ಧ ನಿಲ್ಲುತ್ತದೆ. ಆ ಹೊಲಕ್ಕೆ ಬೇಕಾದದ್ದು 24 ಆಳು. ಆರು ಜನ ನಾಲ್ಕು ದಿನ ಬಂದರೂ ಅಷ್ಟೇ, ಎಂಟು ಜನ ಮೂರು ದಿನ ಬಂದರೂ ಅಷ್ಟೇ. ನಮ್ಮ ಹಳ್ಳಿಗಳಲ್ಲಿ "ಇಷ್ಟು ಆಳಿನ ಕೆಲಸ" ಅಂತ ಹೇಳುವವರಿಗೆ ಇದು ಗೊತ್ತೇ ಇದೆ. 6 × 4 = 8 × ಯಾ. ಬರೆಯುವ ಮುಂಚೆ ಬದಲಾಗದೆ ಉಳಿಯುವುದು ಯಾವುದು ಅಂತ ಕೇಳಿಕೊಂಡರೆ ನೇರವೋ ವಿಲೋಮವೋ ಅಂತ ಬಾಯಿಪಾಠ ಮಾಡುವುದೇ ಬೇಡ.

"ಇದು ಹೆಚ್ಚಾದರೆ ಅದೂ ಹೆಚ್ಚಾಗುತ್ತದೆಯೇ, ಹಾಗಿದ್ದರೆ ನೇರ ಅನುಪಾತ" ಅಂತ ಒಂದು ಸುಲಭ ಸೂತ್ರ ಮಕ್ಕಳಲ್ಲಿ ಓಡಾಡುತ್ತಿದೆ. ಇದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಹತ್ತು ವರ್ಷದ ಹುಡುಗ 130 ಸೆಂಟಿಮೀಟರ್ ಇದ್ದಾನೆ, ವಯಸ್ಸು ಹೆಚ್ಚಾದಂತೆ ಎತ್ತರವೂ ಹೆಚ್ಚಾಗುತ್ತದೆ, ಇಪ್ಪತ್ತನೇ ವರ್ಷಕ್ಕೆ 260 ಸೆಂಟಿಮೀಟರ್ ಆಗುತ್ತಾನಾ? ಕ್ಲಾಸು ನಗುತ್ತದೆ. ಸರಿ, ಆಟೋ ತೆಗೆದುಕೊಳ್ಳಿ. ಮೊದಲ ಎರಡು ಕಿಲೋಮೀಟರಿಗೆ ಕನಿಷ್ಠ 30 ರೂಪಾಯಿ, ಆಮೇಲೆ ಕಿಲೋಮೀಟರಿಗೆ 12 ಅಂತ ಊಹಿಸಿಕೊಳ್ಳಿ. ಐದು ಕಿಲೋಮೀಟರಿಗೆ 66 ರೂಪಾಯಿ. ಹತ್ತಕ್ಕೆ 132 ಆಗಬೇಕಲ್ವಾ? ಆಗುವುದಿಲ್ಲ, 126. ಇಲ್ಲಿ ಯಾರೂ ನಗುವುದಿಲ್ಲ, ಯಾಕಂದರೆ 132 ನೋಡಲು ಸರಿಯಾಗಿಯೇ ಕಾಣುತ್ತದೆ. ಎರಡೂ ಹೆಚ್ಚಾಗುವುದು ಸಾಲದು. ಒಂದು ಎರಡು ಪಟ್ಟಾದರೆ ಇನ್ನೊಂದೂ ಎರಡು ಪಟ್ಟಾಗಬೇಕು, ಒಂದು ಅರ್ಧವಾದರೆ ಇನ್ನೊಂದೂ ಅರ್ಧ, ಒಂದು ಸೊನ್ನೆಯಾದರೆ ಇನ್ನೊಂದೂ ಸೊನ್ನೆ. ಆಗ ಮಾತ್ರ ಮೂರರಿಂದ ನಾಲ್ಕನೆಯದಕ್ಕೆ ದಾರಿ ಇದೆ.

ಶಹಾಬಾದ್ ಕಲ್ಲಿನ ಲೆಕ್ಕ ಇದಕ್ಕಿಂತ ಚೆನ್ನಾಗಿದೆ. ನಮ್ಮ ಕಡೆ ಎಷ್ಟೋ ಮನೆಗಳ ನೆಲ ಅದರದ್ದೇ. ಎರಡು ಅಡಿ ಉದ್ದ ಎರಡು ಅಡಿ ಅಗಲದ ಕಲ್ಲಿಗೆ 120 ರೂಪಾಯಿ ಆದರೆ, ಅದೇ ದರದಲ್ಲಿ ಮೂರಕ್ಕೆ ಮೂರು ಅಡಿಯ ಕಲ್ಲಿಗೆ ಎಷ್ಟು? 2/120 = 3/ಯಾ ಅಂತ ಬರೆದು 180 ಅನ್ನುತ್ತಾರೆ. ಕಲ್ಲಿನ ಬೆಲೆ ಅಂಚಿನ ಉದ್ದಕ್ಕೆ ಅಲ್ಲ, ಹರವಿಗೆ. ಒಂದರದ್ದು 4 ಚದರ ಅಡಿ, ಇನ್ನೊಂದರದ್ದು 9. 4/120 = 9/ಯಾ, ಯಾ ಅಂದರೆ 270. ಎರಡೂ ಸಮೀಕರಣ ಬಿಡಿಸುವ ರೀತಿ ಒಂದೇ. ಬಿಡಿಸುವುದರಲ್ಲಿ ಇಬ್ಬರೂ ಜಾಣರು. 90 ರೂಪಾಯಿ ವ್ಯತ್ಯಾಸ ಬಂದದ್ದು ಮೊದಲ ಸಾಲು ಬರೆಯುವಾಗಲೇ.

ಬೀದರಿನಿಂದಲೂ ಒಂದು ಲೆಕ್ಕ ತರುತ್ತೇನೆ, ಇದು ದೊಡ್ಡವರನ್ನೂ ಕೆಡವುತ್ತದೆ. ಬಿದರಿ ಕೆಲಸದ ಪಾತ್ರೆ, ಹೂದಾನಿ ಎರಕ ಹೊಯ್ಯುವ ಲೋಹದಲ್ಲಿ ಸತುವು ಮತ್ತು ತಾಮ್ರ 16ಕ್ಕೆ 1ರಂತೆ ಇರುತ್ತವೆ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಬೆಳ್ಳಿ ಕೂರಿಸಿದ ಮೇಲೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನಲ್ಲಿ ಅದನ್ನು ಕಾಯಿಸುತ್ತಾರೆ, ಲೋಹ ಗಾಢ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಎಷ್ಟು ನೋಡಿದರೂ ನನಗೆ ಸಾಕಾಗದ ಕೆಲಸ ಅದು. ಇರಲಿ, ಲೆಕ್ಕ ಹೀಗಿದೆ: 850 ಗ್ರಾಂ ತೂಕದ ಹೂದಾನಿಗೆ ಎಷ್ಟು ತಾಮ್ರ ಬೇಕು, ಬೆಳ್ಳಿಯನ್ನು ಲೆಕ್ಕಕ್ಕೆ ಹಿಡಿಯದೆ?

16/1 = 850/ಯಾ ಅಂತ ಬರೆದರೆ ಸುಮಾರು 53 ಗ್ರಾಂ ಬರುತ್ತದೆ. ಅನುಮಾನವೇ ಬರದಷ್ಟು ಹತ್ತಿರದ ಉತ್ತರ. ಆದರೆ 850 ಗ್ರಾಂ ಸತುವಿನ ತೂಕ ಅಲ್ಲ, ಎರಡೂ ಸೇರಿದ್ದು. 16 ಪಾಲು ಒಂದು, 1 ಪಾಲು ಇನ್ನೊಂದು, ಒಟ್ಟು 17 ಪಾಲು. 17/1 = 850/ಯಾ. ತಾಮ್ರ ಸರಿಯಾಗಿ 50 ಗ್ರಾಂ, ಸತುವು 800. ಭಾಗಕ್ಕೆ ಭಾಗ ಹೋಲಿಸುತ್ತಿದ್ದೇವೋ, ಭಾಗಕ್ಕೆ ಇಡಿಯನ್ನೋ ಅನ್ನುವ ಪ್ರಶ್ನೆಯನ್ನು ಯಾವ ಗುರುತೂ ನಮ್ಮ ಪರವಾಗಿ ಕೇಳುವುದಿಲ್ಲ. ಬೇಳೆ ಲೆಕ್ಕದ ಹಾಗೆ ಜೋರಾಗಿ ಓದಿದರೂ ಇಲ್ಲಿ ಸಿಕ್ಕಿಬೀಳುವುದಿಲ್ಲ. ಒಂದೇ ದಾರಿ, ಬಂದ ಉತ್ತರವನ್ನು ವಾಪಸ್ ಹಾಕಿ ನೋಡುವುದು: 53 ತಾಮ್ರ ಆದರೆ ಸತುವು 797, ಅದನ್ನು 53ರಿಂದ ಭಾಗಿಸಿದರೆ 15 ಚಿಲ್ಲರೆ ಬಂತು, 16 ಬರಲಿಲ್ಲ. ವಾಪಸ್ ಹಾಕಿ ನೋಡುವುದಕ್ಕೆ ಅರ್ಧ ನಿಮಿಷ ಸಾಕು, ಅದನ್ನೇ ಪರೀಕ್ಷೆಯ ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುತ್ತಾರೆ.

ಇನ್ನು ನೆರಳಿನ ಮಾತು. ಸಮಾನುಪಾತ ಕಲಿಸುವ ಎಲ್ಲರೂ ಒಮ್ಮೆಯಾದರೂ ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ಅದೇ ಹೊತ್ತಿನಲ್ಲಿ ಬೇವಿನ ಮರದ ನೆರಳನ್ನೂ ಅಳೆಯಿರಿ. ಸೂರ್ಯ ಇಬ್ಬರಿಗೂ ಒಂದೇ ಕೋನದಲ್ಲಿ ಇರುವುದರಿಂದ ಎತ್ತರಕ್ಕೂ ನೆರಳಿಗೂ ಇರುವ ಅನುಪಾತ ಒಂದೇ. ಮರ ಹತ್ತದೆ ಮರದ ಎತ್ತರ ಸಿಕ್ಕಿತು. ಮಹಾವೀರಾಚಾರ್ಯನ ಕೊನೆಯ ಅಧ್ಯಾಯದ ಬೇರು ಇದೇ.

ಆದರೆ ನಮ್ಮ ಊರಿನಲ್ಲಿ ಇದಕ್ಕೊಂದು ವಿಚಿತ್ರ ದಿನ ಬರುತ್ತದೆ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷದಲ್ಲಿ ಎರಡು ಸಲ, ಮೇ ತಿಂಗಳ ಎರಡನೇ ವಾರದ ಸುಮಾರಿಗೆ ಮತ್ತು ಆಗಸ್ಟ್ ಮೊದಲ ವಾರದಲ್ಲಿ, ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡ ಇರುತ್ತದೆ, ಮೇ ತಿಂಗಳೇ ವಾಸಿ, ಬಿಸಿಲು ತಡೆದುಕೊಳ್ಳುವ ಶಕ್ತಿ ಇದ್ದರೆ. ಮಧ್ಯಾಹ್ನ ಹನ್ನೆರಡೂಕಾಲು ದಾಟಿದ ಹೊತ್ತಿಗೆ ನೆಟ್ಟಗಿನ ಕೋಲಿಗೆ ನೆರಳೇ ಇರುವುದಿಲ್ಲ. ಕಂಬಕ್ಕೂ ಇಲ್ಲ. ಈಗ ಸಮೀಕರಣ ಬರೆಯಿರಿ ನೋಡೋಣ: 1/0 = ಯಾ/0. ಗುರುತಿನ ಅಭ್ಯಾಸ ಇದ್ದವರು ಓರೆಯಾಗಿ ಗುಣಿಸುತ್ತಾರೆ, 1 × 0 = 0 × ಯಾ, ಅಂದರೆ 0 = 0. ಸುಳ್ಳೇನಲ್ಲ. ಆದರೆ ಕಂಬ 3 ಮೀಟರ್ ಇದ್ದರೂ 0 = 0, 30 ಮೀಟರ್ ಇದ್ದರೂ 0 = 0. ಯಾ ಬಗ್ಗೆ ಒಂದು ಅಕ್ಷರವೂ ತಿಳಿಯಲಿಲ್ಲ.

ಸೊನ್ನೆಯಿಂದ ಭಾಗಿಸುವುದು ಹಿಂದಿನವರಿಗೂ ಕಷ್ಟವೇ ಆಗಿತ್ತು. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತ ಮಹಾವೀರಾಚಾರ್ಯ ಬರೆದಿದ್ದಾನೆ. ಇವತ್ತು ಅದನ್ನು ಯಾರೂ ಒಪ್ಪುವುದಿಲ್ಲ. ಅದರಂತೆ ಹೋದರೆ 1/0 ಅಂದರೆ 1, ಯಾ/0 ಅಂದರೆ ಯಾ, ಹಾಗಾಗಿ ಕಂಬವೂ ಕೋಲಿನಷ್ಟೇ ಒಂದು ಮೀಟರ್ ಎತ್ತರ ಆಗಿಬಿಡಬೇಕು. ಕಣ್ಣೆದುರೇ ಕಂಬ ಉದ್ದಕ್ಕೆ ನಿಂತಿದೆ. ಇದನ್ನು ಮಕ್ಕಳಿಗೆ ಹೇಳುವಾಗ ಆತನ ಮೇಲಿನ ಗೌರವ ಒಂದು ಚೂರೂ ಕಡಿಮೆಯಾಗದಂತೆ ಹೇಳುತ್ತೇನೆ. ಸಾವಿರ ವರ್ಷಕ್ಕೂ ಹಿಂದೆ ಸೊನ್ನೆಯನ್ನು ಎಲ್ಲ ಸಂಖ್ಯೆಗಳ ಜೊತೆ ಕೂರಿಸಿ ಕೂಡಿ, ಕಳೆದು, ಗುಣಿಸಿ, ಭಾಗಿಸಿ ನೋಡುವ ಧೈರ್ಯ ಮಾಡಿದವರು ಅವರು. ಛೇದದಲ್ಲಿ ಸೊನ್ನೆ ಬರಬಾರದು ಅಂತ ನಾವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗುತ್ತೇವೆ. ಅದಕ್ಕೆ ಕಾರಣ ಬಿಸಿಲಿನಲ್ಲಿ ಕಂಡಷ್ಟು ಚೆನ್ನಾಗಿ ಕರಿಹಲಗೆಯ ಮೇಲೆ ಕಾಣುವುದಿಲ್ಲ.

ಸೊನ್ನೆ ಆಗದೆ ಬರೀ ಸಣ್ಣದಾಗಿದ್ದರೂ ತೊಂದರೆಯೇ. ಕೋಲಿನ ನೆರಳು 2 ಸೆಂಟಿಮೀಟರ್ ಇದ್ದಾಗ ಅಳತೆಯಲ್ಲಿ ಒಂದು ಸೆಂಟಿಮೀಟರ್ ಕಡಿಮೆ ಓದಿದರೆ ಕಂಬದ ಎತ್ತರ ನೇರವಾಗಿ ಎರಡು ಪಟ್ಟಾಗುತ್ತದೆ. ಸಂಜೆಯ ಉದ್ದ ನೆರಳಿಗೂ ಬೇರೆ ಕಷ್ಟ ಇದೆ, ತುದಿ ಮಸುಕಾಗಿರುತ್ತದೆ, ನೆಲ ಸ್ವಲ್ಪ ಇಳಿಜಾರಾದರೂ ಲೆಕ್ಕ ಕೆಡುತ್ತದೆ, ಕೋಲಿನಿಂದ ಕಂಬಕ್ಕೆ ಓಡುವುದರೊಳಗೆ ನೆರಳು ಜರುಗಿರುತ್ತದೆ.

ಹಾಗಾಗಿ ಶಾಲೆಯಲ್ಲಿ ಮಾಡಿಸುವವರಿಗೆ ನನ್ನ ಸಲಹೆ ಡಿಸೆಂಬರ್ ತಿಂಗಳು, ನಡುಮಧ್ಯಾಹ್ನ. ಆಕಾಶ ಸ್ವಚ್ಛ ಇರುತ್ತದೆ, ಮಕ್ಕಳಿಗೆ ಬಿಸಿಲೂ ಹಿತ. ತಿಂಗಳ ಮೂರನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಒಂದು ಮೀಟರ್ ಕೋಲಿನ ನೆರಳು ಸುಮಾರು 86 ಸೆಂಟಿಮೀಟರ್ ಬರುತ್ತದೆ. ಶಾಲೆಯ ಧ್ವಜಸ್ತಂಭದ ನೆರಳು 6 ಮೀಟರ್ 45 ಸೆಂಟಿಮೀಟರ್ ಇದೆ ಅನ್ನಿ. 1/0.86 = ಯಾ/6.45, ಕಂಬ 7.5 ಮೀಟರ್. ಕೋಲಿನ ನೆರಳಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚು ಓದಿದರೂ ಕಂಬದಲ್ಲಿ ಒಂಬತ್ತು ಸೆಂಟಿಮೀಟರ್ ಮಾತ್ರ ವ್ಯತ್ಯಾಸ. ಎರಡು ಗುಂಪು ಮಾಡಿ, ಎರಡೂ ನೆರಳನ್ನು ಒಂದೇ ಹೊತ್ತಿಗೆ ಅಳೆಯಲು ಹೇಳಿ. ಕೋಲು ನೆಟ್ಟಗೆ ಇದೆಯೇ ಅಂತ ನೋಡಲು ದಾರಕ್ಕೆ ಕಲ್ಲು ಕಟ್ಟಿ ಪಕ್ಕದಲ್ಲಿ ತೂಗುಬಿಡಿ. ಸಮೀಕರಣ ಬರೆಯುವ ಮೊದಲು ಕಂಬ ಎಷ್ಟು ಎತ್ತರ ಇರಬಹುದು ಅಂತ ಪ್ರತಿ ಮಗುವಿನ ಅಂದಾಜು ಪುಸ್ತಕದಲ್ಲಿ ಬರೆಸಿಕೊಳ್ಳಿ, ಆಮೇಲೆ ಲೆಕ್ಕ ಮಾಡಲಿ.